ಒಂದು ಸೌಟಿನ ಸಾರು

ಸಾವಿರ ಜನರನ್ನು ಕೇಳಿ ನೂರು ಕೋಟಿಗೂ ಮೀರಿದ ಜನರ ಮನಸ್ಸನ್ನು ಅರಿಯಲು ಸಾಧ್ಯವೇ? ಚುನಾವಣೆ ಬಂದಾಗಲೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ಗಣಿತ ಕಲಿಸಿದವನಾದ್ದರಿಂದ ಉತ್ತರಿಸುವ ಹೊಣೆಯೂ ನನ್ನದೇ.

ಸಾಧ್ಯ, ಆದರೆ ಒಂದು ಷರತ್ತಿದೆ. ಮನೆಮಂದಿಗೆ ಮಾಡಿದ ಸಾರಾಗಲಿ, ಮದುವೆಮನೆಯ ಕೊಪ್ಪರಿಗೆಯ ಸಾರಾಗಲಿ, ರುಚಿ ನೋಡಲು ಒಂದು ಸೌಟು ಸಾಕು; ತಳದವರೆಗೂ ಕದಡಿರಬೇಕು, ಅಷ್ಟೇ. ಕದಡದೆ ಮೇಲಿನ ತಿಳಿಯನ್ನು ಎಷ್ಟು ಸೌಟು ಕುಡಿದರೂ ತಳದ ಬೇಳೆಯ ಸುದ್ದಿ ತಿಳಿಯದು.

ಇದಕ್ಕೆ ಪ್ರಸಿದ್ಧ ನಿದರ್ಶನ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ. 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಚೀಟಿ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುವರೆಂದು ಅದು ಸಾರಿತು. ಆದರೆ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್ ಮತ್ತು ಮೋಟಾರು ಕಾರು ಇದ್ದವರ ಪಟ್ಟಿಗಳಿಂದ ಆರಿಸಲಾಗಿತ್ತು. ಆ ಕಷ್ಟಕಾಲದಲ್ಲಿ ಅವೆರಡೂ ಇಲ್ಲದವರೇ ಬಹಳ. ಉತ್ತರ ಬರೆದು ಕಳುಹಿಸುವ ಆಸಕ್ತಿಯೂ ಎಲ್ಲರಲ್ಲಿ ಸಮನಾಗಿರಲಿಲ್ಲ. ಅದಕ್ಕಿಂತ ಎಷ್ಟೋ ಚಿಕ್ಕ ಸಮೀಕ್ಷೆ ನಡೆಸಿದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು.

ಚೀಟಿ ಎತ್ತಿದಂತೆ ನಿಷ್ಪಕ್ಷಪಾತವಾಗಿ ಆರಿಸಿದ ಸಾವಿರ ಜನರ ಉತ್ತರವು, ನೂರಕ್ಕೆ ತೊಂಬತ್ತೈದು ಬಾರಿ, ನಿಜಸ್ಥಿತಿಗಿಂತ ಸುಮಾರು ಶೇ. 3ರಷ್ಟು ಆಚೀಚೆಯೊಳಗೇ ಇರುತ್ತದೆ. ಆದರೆ ಅದು ಇಡೀ ದೇಶದ ಮಾತು. 2011ರ ಜನಗಣತಿಯ ಲೆಕ್ಕದಲ್ಲಿ ಆ ಸಾವಿರದೊಳಗೆ ಕರ್ನಾಟಕದವರು ಸುಮಾರು 50 ಮಂದಿ. ಕೊಡಗು ಜಿಲ್ಲೆಯ ಪಾಲಿಗೆ ಪೂರ್ತಿ ಒಬ್ಬರೂ ಬರುವುದಿಲ್ಲ! ಅಂಥ ಸಮೀಕ್ಷೆಯಿಂದ ಕೊಡವರ ಅಭಿಪ್ರಾಯ ಹೇಳಹೊರಟರೆ ಅದು ಲೆಕ್ಕವಲ್ಲ, ಕಣಿ.

ನಮ್ಮಂಥ ಮೇಷ್ಟರುಗಳಿಗೆ ಜನಗಣತಿಯ ಕೆಲಸ ತಪ್ಪಿದ್ದಲ್ಲ. 1991ರಲ್ಲಿ ನಾನೂ ಮನೆಮನೆ ಅಲೆದೆ. ಹಗಲು ಹೊತ್ತು ಬೀಗ ಹಾಕಿರುತ್ತಿದ್ದ ಮನೆಗಳು ಬಹುಪಾಲು ಕೂಲಿಯವರವು. ಬಾಗಿಲು ತೆರೆದಿದ್ದ ಮನೆಗಳಲ್ಲೂ ಹೆಂಗಸರನ್ನು ಕೇಳಿದರೆ ಗಂಡಸರೇ ಉತ್ತರ ಕೊಡುತ್ತಿದ್ದರು. ಗಣತಿಯಲ್ಲಿ ಯಾರನ್ನೂ ಬಿಡುವಂತಿಲ್ಲವಾದ್ದರಿಂದ ದೀಪ ಹಚ್ಚುವ ಹೊತ್ತಿಗೆ ಮತ್ತೆ ಹೋಗುತ್ತಿದ್ದೆ. ಅವಸರದ ಸಮೀಕ್ಷಕ ಹಾಗೆ ಮಾಡದೆ ಪಕ್ಕದ ಮನೆಯ ಬಾಗಿಲು ತಟ್ಟಿದರೆ, ಕೂಲಿಯವರ ಮಾತು ಆ ಲೆಕ್ಕದಿಂದ ಸದ್ದಿಲ್ಲದೆ ಜಾರಿಹೋಗುತ್ತದೆ. ಪಡಿತರ, ಶಾಲೆ, ನೀರು ಇವುಗಳ ಬಗೆಗೆ ಹೆಚ್ಚು ಹೇಳಬೇಕಾದವರು ಅವರೇ.

ಆದ್ದರಿಂದ ಎಷ್ಟು ಜನರನ್ನು ಕೇಳಿದರು ಎಂಬುದರ ಜೊತೆಗೆ, ಯಾರನ್ನು ಹೇಗೆ ಆರಿಸಿದರು, ಎಷ್ಟು ಮಂದಿ ಉತ್ತರಿಸಲಿಲ್ಲ ಎಂಬುದನ್ನೂ ವಿಚಾರಿಸಿರಿ. ಇವನ್ನು ತಿಳಿಸದ ಸಮೀಕ್ಷೆಯನ್ನು ನಾನಂತೂ ನಂಬುವುದಿಲ್ಲ.