ಮಂದ್ರಕ್ಕೆ ಸಾವಿರ, ತಾರಕ್ಕೆ ಹತ್ತು

ನಮ್ಮ ಮನೆಯ ಹಾಲಿನಲ್ಲಿ ಬಂದವರು ಯಾರೂ ವಿಚಾರಿಸದ ವಸ್ತು ಒಂದಿದೆ. ಟರ್ನ್‌ಟೇಬಲನ್ನು ಎಲ್ಲರೂ ನೋಡುತ್ತಾರೆ. 'ಇದು ಇನ್ನೂ ತಿರುಗುತ್ತಾ?' ಎಂದು ಕೇಳುತ್ತಾರೆ. ಸ್ಪೀಕರುಗಳ ಮೇಲೆ ಕೈಯಾಡಿಸುತ್ತಾರೆ. ರೆಕಾರ್ಡುಗಳನ್ನು ಒಂದೊಂದಾಗಿ ಎಳೆದು, ಹೊದಿಕೆಯ ಚಿತ್ರ ನೋಡಿ, ತೆಗೆದ ಜಾಗ ಬಿಟ್ಟು ಬೇರೆಲ್ಲೋ ಸಿಕ್ಕಿಸಿ ಹೋಗುತ್ತಾರೆ. ಇವುಗಳ ಹಿಂದೆ ವೈರುಗಳ ಗೋಜಲಿನಲ್ಲಿ ಕೂತಿರುವ ಅಂಗೈಯಗಲದ ಕರಿ ಡಬ್ಬಿಯನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. ಅದಕ್ಕೆ ತಿರುಗಿಸುವ ಗುಂಡಿಯಿಲ್ಲ, ಒತ್ತುವ ಬಟನ್ನಿಲ್ಲ. ಇರುವುದು ಒಂದು ಕೆಂಪು ದೀಪ. ಅದು ಫೋನೋ ಪ್ರಿಆಂಪ್. ಅದಿಲ್ಲದಿದ್ದರೆ ಉಳಿದ ಸಾಮಾನೆಲ್ಲ ಬರಿಯ ಶೃಂಗಾರ.

ದೊಡ್ಡಪ್ಪ ತೀರಿಕೊಂಡ ಮೇಲೆ ಧಾರವಾಡದ ಮನೆ ಖಾಲಿ ಮಾಡಿ ದೊಡ್ಡವ್ವ ನಮ್ಮಲ್ಲಿಗೆ ಬಂದಾಗ ಅವಳ ಟ್ರಂಕಿನ ಹಿಂದೆಯೇ ರೆಕಾರ್ಡಿನ ಪೆಟ್ಟಿಗೆಗಳೂ ಬೆಂಗಳೂರಿಗೆ ಬಂದವು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ. ಧಾರವಾಡದ ಒಂದು ಓಣಿಯ ಸಂಜೆಗಳೆಲ್ಲ ಅದರೊಳಗಿದ್ದವು. ದೊಡ್ಡಪ್ಪನ ಪ್ಲೇಯರ್ ಸೂಟ್‌ಕೇಸಿನಂಥದು, ಮುಚ್ಚಳದಲ್ಲೇ ಸ್ಪೀಕರು. ಪ್ಲೇಟು ಹಾಕಿದರೆ ಸಾಕು, ಹಾಡು ಬರುತ್ತಿತ್ತು. ನಡುವೆ ಯಾವ ಡಬ್ಬಿಯ ಹಂಗೂ ಇರಲಿಲ್ಲ. ಆ ಬಗೆಯ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಸೆರಾಮಿಕ್ ಕಾರ್ಟ್ರಿಜ್. ಮುಳ್ಳು ಅಲುಗಿದಾಗ ಅದರೊಳಗಿನ ಸಣ್ಣ ತುಣುಕು ಬಾಗಿ, ನೂರಾರು ಮಿಲಿವೋಲ್ಟ್ ವಿದ್ಯುತ್ತನ್ನು ತಾನೇ ಹುಟ್ಟಿಸುತ್ತದೆ. ಆದರೆ ಅದು ರೆಕಾರ್ಡಿನ ಮೇಲೆ 5-6 ಗ್ರಾಂ ಭಾರ ಊರುತ್ತದೆ. ಗೆರೆ ಬೇಗ ಸವೆಯುತ್ತದೆ.

ಆ ಪ್ಲೇಯರ್ ಧಾರವಾಡದಲ್ಲೇ ಕೆಟ್ಟು ಕೂತಿತ್ತು. ಆದ್ದರಿಂದ ಇಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಟರ್ನ್‌ಟೇಬಲ್ ತಂದೆವು. ಇದರದು ಅಯಸ್ಕಾಂತದ ಕಾರ್ಟ್ರಿಜ್. ಭಾರ 2 ಗ್ರಾಮಿಗೂ ಕಡಿಮೆ. ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದುದರಿಂದ ವೈರು ಸಿಕ್ಕಿಸುವ ಹಕ್ಕು ತನ್ನದೆಂದು ಮುಂದೆ ಬಂದ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಖಾಲಿಯಿದ್ದ ಆಕ್ಸ್ ತೂತಿಗೆ ಸಿಕ್ಕಿಸಿದ. ಮನ್ಸೂರರ ರೆಕಾರ್ಡು ತಿರುಗಿತು. ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೂ ಎಲ್ಲೋ ದೂರದಿಂದ, ತೆಳ್ಳಗೆ, ಕೀರಲಾಗಿ ಏನೋ ಕೇಳಿಸಿತು. ತಬಲಾದ ಡಗ್ಗಾ ಇಲ್ಲವೇ ಇಲ್ಲ. ದೊಡ್ಡವ್ವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

"ಯಾರ ತಮ್ಮಾ ಇವರು?"

"ಮನ್ಸೂರರು, ದೊಡ್ಡವ್ವಾ."

"ಅಲ್ಲ ಬಿಡು. ಇವರು ಬ್ಯಾರೆ ಯಾರೋ ಅದಾರ."

ಮರುದಿನ ಎಸ್.ಪಿ. ರೋಡಿಗೆ ಹೋದೆ. ಗೂಡಿನಷ್ಟು ಅಂಗಡಿಯಲ್ಲಿ ಕೆಪಾಸಿಟರುಗಳ ನಡುವೆ ಕೂತಿದ್ದ ಹಿರಿಯರು ಕಥೆ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ನಿಮ್ ಆಂಪಲ್ಲಿ ಫೋನೋ ಇಲ್ವಾ ಸಾರ್? ಹಂಗಾದ್ರೆ ಇದು ಬೇಕೇ ಬೇಕು" ಎಂದು ಈ ಕರಿ ಡಬ್ಬಿಯನ್ನು ಮುಂದಿಟ್ಟರು. ಅದರ ಬೆಲೆ ನಾನು ಆ ಟರ್ನ್‌ಟೇಬಲನ್ನು ಮನೆಗೆ ತರಲು ಕೊಟ್ಟ ಆಟೋ ಬಾಡಿಗೆಗಿಂತ ಹೆಚ್ಚು, ಎರಡು ಹೊಸ ರೆಕಾರ್ಡುಗಳ ಬೆಲೆಗಿಂತ ಕಡಿಮೆ. ಮನೆಗೆ ತಂದು ನಡುವೆ ಸಿಕ್ಕಿಸಿ ಅದೇ ರೆಕಾರ್ಡು ಹಾಕಿದೆವು. ದೊಡ್ಡವ್ವ ಅಡುಗೆಮನೆಯಿಂದಲೇ ಕೂಗಿದಳು: "ಹಾಂ, ಈಗ ಬಂದ್ರ ನೋಡ ಅಣ್ಣಾವರು!"

ಹಾಗಾದರೆ ಅಷ್ಟು ಹೊತ್ತು ಮನ್ಸೂರ ಅಣ್ಣಾವರು ಎಲ್ಲಿದ್ದರು? ಈ ಪ್ರಶ್ನೆಯೇ ನನ್ನನ್ನು ಡಬ್ಬಿಯ ಪೂರ್ವೋತ್ತರಕ್ಕೆ ಹಚ್ಚಿತು.

ರೆಕಾರ್ಡಿನ ಗೆರೆಯಲ್ಲಿ ಇರುವುದು ಹಾಡಿದ ಹಾಡಲ್ಲ, ಬೇಕೆಂದೇ ಸೊಟ್ಟಗೆ ಮಾಡಿದ ಹಾಡು. ಮಂದ್ರದ ಸ್ವರಗಳು ಗೆರೆಯನ್ನು ಅಗಲಗಲ ಓಲಾಡಿಸುತ್ತವೆ. ಇದ್ದದ್ದನ್ನು ಇದ್ದಂತೆ ಕೊರೆದರೆ ಒಂದು ಗೆರೆ ಪಕ್ಕದ ಗೆರೆಗೆ ನುಗ್ಗುತ್ತದೆ. ತಾರದ ಸೂಕ್ಷ್ಮಗಳೋ ರೆಕಾರ್ಡಿನ ಮೈಯ ಸುರ್‌ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಆದ್ದರಿಂದ ಕೊರೆಯುವಾಗಲೇ ಮಂದ್ರವನ್ನು ಕುಗ್ಗಿಸುತ್ತಾರೆ, ತಾರವನ್ನು ಹಿಗ್ಗಿಸುತ್ತಾರೆ. ಜಾತ್ರೆಗೆ ಹೊರಟ ಬಸ್ಸಿನಲ್ಲಿ ದಪ್ಪನೆಯ ಮಾವನವರಿಗೆ ಮೈ ಮುದುಡಿ ಕೂರಲು ಹೇಳಿ, ಪುಟ್ಟ ಮಗುವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುವ ವ್ಯವಸ್ಥೆ ಇದು. ಊರು ತಲುಪಿದ ಮೇಲೆ ಮಾವನವರನ್ನು ನೆಟ್ಟಗೆ ನಿಲ್ಲಿಸಿ, ಮಗುವನ್ನು ಕೆಳಗಿಳಿಸುವ ಕೆಲಸ ನಮ್ಮ ಡಬ್ಬಿಯದು. ಕಾರ್ಟ್ರಿಜ್ ಕೊಡುವುದು ಬರೇ 3ರಿಂದ 5 ಮಿಲಿವೋಲ್ಟ್. ಡಬ್ಬಿ ನಡುಮಟ್ಟದ ಸ್ವರವನ್ನು ಸುಮಾರು 100 ಪಟ್ಟು ಹೆಚ್ಚಿಸುತ್ತದೆ. ತೀರಾ ಕೆಳಗಿನ ಮಂದ್ರವನ್ನು 1000 ಪಟ್ಟಿನ ಹತ್ತಿರಕ್ಕೆ, ತೀರಾ ಮೇಲಿನ ತಾರವನ್ನು ಕೇವಲ 10 ಪಟ್ಟು. ತಾರವನ್ನು ಇಳಿಸುವಾಗ ಅದರ ಜೊತೆ ಸುರ್‌ ಸದ್ದೂ ಇಳಿಯುತ್ತದೆ. ಮಂದ್ರ ಮುದುಡಿದ್ದರಿಂದಲೇ ಒಂದು ಇಂಚಿನಲ್ಲಿ 200ಕ್ಕೂ ಹೆಚ್ಚು ಗೆರೆ ಹಿಡಿಯುತ್ತವೆ. 78 ಸುತ್ತಿನ ಹಳೆಯ ಪ್ಲೇಟಿನಲ್ಲಿ ಮೂರು ನಿಮಿಷದೊಳಗೆ ಮುಗಿಯಬೇಕಿದ್ದ ಖಯಾಲಿಗೆ ಎಲ್‌ಪಿಯ ಒಂದು ಮಗ್ಗುಲಲ್ಲಿ 20 ನಿಮಿಷ ಸಿಕ್ಕಿದ್ದರಲ್ಲಿ ಈ ಮುದುಡುವಿಕೆಯ ಪಾಲೂ ಇದೆ.

ಎಷ್ಟು ಕುಗ್ಗಿಸಬೇಕು, ಎಷ್ಟು ಹಿಗ್ಗಿಸಬೇಕು ಎಂಬಲ್ಲಿ ಮೊದಲು ಒಮ್ಮತ ಇರಲಿಲ್ಲ. 1948ರಲ್ಲಿ ಕೊಲಂಬಿಯಾ ಎಲ್‌ಪಿಯನ್ನು ತಂದಿತು, ಮರುವರ್ಷ ಆರ್‌ಸಿಎ 45ರ ರೆಕಾರ್ಡು ತಂದಿತು. ಕೊಲಂಬಿಯಾದ ಲೆಕ್ಕ ಒಂದು, ಡೆಕ್ಕಾದ್ದು ಮತ್ತೊಂದು. ಅಂದಿನ ಒಳ್ಳೆಯ ಪ್ರಿಆಂಪುಗಳಲ್ಲಿ ಕಂಪನಿಗೊಂದರಂತೆ ಆಯ್ಕೆಯ ಗುಂಡಿಗಳಿರುತ್ತಿದ್ದವು. ಹಾಡು ಕೇಳುವ ಮೊದಲು ಲೇಬಲ್ ಓದಬೇಕಿತ್ತು. ಕಡೆಗೆ 1954ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮದ ಸಂಘ ಆರ್‌ಐಎಎ, ಆರ್‌ಸಿಎ ಬಳಸುತ್ತಿದ್ದ ಲೆಕ್ಕವನ್ನೇ ಎಲ್ಲರಿಗೂ ಗೊತ್ತುಮಾಡಿತು: 3180, 318, 75 ಮೈಕ್ರೋಸೆಕೆಂಡುಗಳೆಂಬ ಮೂರು ಸಂಖ್ಯೆ. ಕೊರೆಯುವವನು ಈ ಮೂರನ್ನು ಹಿಡಿದು ಸೊಟ್ಟ ಮಾಡಬೇಕು. ನುಡಿಸುವವನು ಇವೇ ಮೂರನ್ನು ಹಿಡಿದು ನೆಟ್ಟಗೆ ಮಾಡಬೇಕು. ಒಬ್ಬರನ್ನೊಬ್ಬರು ಎಂದೂ ನೋಡದ ಇಬ್ಬರ ನಡುವಿನ ಒಪ್ಪಂದ. ಕೋಲ್ಕತ್ತದ ಡಂಡಂ ಕಾರ್ಖಾನೆಯಲ್ಲಿ ಒತ್ತಿದ ಮನ್ಸೂರರ ಎಲ್‌ಪಿಯನ್ನು, ಎಸ್.ಪಿ. ರೋಡಿನಲ್ಲಿ ಕೊಂಡ ಹೆಸರಿಲ್ಲದ ಡಬ್ಬಿ ತಡವರಿಸದೆ ಓದುವುದು ಈ ಒಪ್ಪಂದದ ಬಲದಿಂದ.

ಅಗ್ಗದ ಡಬ್ಬಿ ಸಾಕಾಗುವ ಗುಟ್ಟೂ ಇಲ್ಲೇ ಇದೆ. ಮೂರು ಸಂಖ್ಯೆಗಳನ್ನು ನಿಷ್ಠೆಯಿಂದ ಪಾಲಿಸಲು ಕೆಲವೇ ರೆಸಿಸ್ಟರು, ಕೆಪಾಸಿಟರು, 5532ರಂಥ ಒಂದು ಹಳೆಯ ಐಸಿ ಸಾಕು. ಅದು 1970ರ ದಶಕದ ಚಿಪ್ಪು. ಇಂದು ಚಿಲ್ಲರೆ ಕಾಸಿಗೆ ಸಿಗುತ್ತದೆ. ಹಿಂದೆ ಈ ಸರ್ಕಿಟ್ಟು ಪ್ರತಿ ಒಳ್ಳೆಯ ಆಂಪ್ಲಿಫೈಯರಿನ ಹೊಟ್ಟೆಯಲ್ಲೇ ಇರುತ್ತಿತ್ತು. 1982ರಲ್ಲಿ ಸಿ.ಡಿ. ಬಂತು, ಅದಕ್ಕೆ ಸೊಟ್ಟ-ನೆಟ್ಟದ ಗೊಡವೆಯಿಲ್ಲ. ಬರಬರುತ್ತ ಕಂಪನಿಗಳು ಫೋನೋ ತೂತನ್ನು ಕೈಬಿಟ್ಟವು. ಹೊಟ್ಟೆಯೊಳಗೆ ಪುಕ್ಕಟೆಯಾಗಿದ್ದದ್ದು ಹೊರಗೆ ಡಬ್ಬಿಯಾಗಿ ಮಾರಾಟಕ್ಕೆ ಬಂತು.

ಡಬ್ಬಿಗೆ ಒಂದು ಚಾಳಿ ಇದೆ. ಮಂದ್ರವನ್ನು ಅಷ್ಟು ಪಟ್ಟು ಎತ್ತುವುದರಿಂದ, ಗೋಡೆಯ ಕರೆಂಟಿನ 50 ಹರ್ಟ್ಸ್ ಗುಂಯ್‌ಕಾರವನ್ನೂ ಅದು ಆದರದಿಂದ ಎತ್ತಿಕೊಳ್ಳುತ್ತದೆ. ಟರ್ನ್‌ಟೇಬಲಿನಿಂದ ಇಳಿಬಿದ್ದಿರುವ ತೆಳ್ಳನೆಯ ಅರ್ಥ್ ವೈರನ್ನು ಡಬ್ಬಿಯ ಸ್ಕ್ರೂಗೆ ಬಿಗಿದರೆ ಸುಮ್ಮನಾಗುತ್ತದೆ. ಮನೆ ಗುಡಿಸುವಾಗ ಆ ವೈರು ಆಗಾಗ ಕಳಚಿಕೊಳ್ಳುತ್ತದೆ. ಆಗ ಗಂಗೂಬಾಯಿಯವರ ಹಿಂದೆ ಎರಡು ತಂಬೂರಿಗಳ ಜೊತೆ ಮೂರನೆಯದೂ ಸೇರಿಕೊಳ್ಳುತ್ತದೆ, ಅದೂ ಅಪಶ್ರುತಿಯಲ್ಲಿ.

ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಅಬ್ದುಲ್ ಕರೀಂ ಖಾನರ ಒಂದು 78ರ ಪ್ಲೇಟೂ ಇತ್ತು. ಹುಡುಗ ಭೀಮಸೇನರು ಗದಗದಲ್ಲಿ ಖಾನ್‌ಸಾಹೇಬರ ಝಿಂಝೋಟಿಯ ಠುಮರಿಯನ್ನು ರೆಕಾರ್ಡಿನಲ್ಲಿ ಕೇಳಿ ಹುಚ್ಚಾಗಿ, ಗುರುವನ್ನರಸಿ ಮನೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆ ಕಾಲದ ಚಾವಿಯ ಗ್ರಾಮಫೋನಿಗೆ ಕರೆಂಟೇ ಬೇಕಿರಲಿಲ್ಲ. ಮುಳ್ಳಿನ ಅಲುಗಾಟವೇ ತಗಡಿನ ಪೊರೆಯನ್ನು ಅಲುಗಿಸಿ ಕೊಂಬಿನಿಂದ ಹಾಡಾಗಿ ಬರುತ್ತಿತ್ತು. ಪ್ರಿಆಂಪಿನ ಮುಖ ನೋಡದೆಯೇ ಒಬ್ಬ ಭೀಮಸೇನ ಹುಟ್ಟಿಬಿಟ್ಟರು! ಖಾನ್‌ಸಾಹೇಬರು ತೀರಿಕೊಂಡದ್ದು 1937ರಲ್ಲಿ. ಅವರ ಪ್ಲೇಟುಗಳೆಲ್ಲ ಒಪ್ಪಂದಕ್ಕೂ ಹಿಂದಿನವು; ನಮ್ಮ ಡಬ್ಬಿಯ ಮೂರು ಸಂಖ್ಯೆ ಅವಕ್ಕೆ ಅನ್ವಯಿಸುವುದಿಲ್ಲ. 78ಕ್ಕೆಂದೇ ಇರುವ ದಪ್ಪ ಮುಳ್ಳು ಹಾಕಿ, ಆಂಪ್ಲಿಫೈಯರಿನ ಬಾಸ್, ಟ್ರೆಬಲ್ ಗುಂಡಿಗಳನ್ನು ನಾನು ತಿರುಗಿಸುತ್ತ ಹೋಗುತ್ತೇನೆ. ದೊಡ್ಡವ್ವ ಕಣ್ಣು ಮುಚ್ಚಿ ಕೂತಿರುತ್ತಾಳೆ. "ಇನ್ನಷ್ಟ... ಇನ್ನಷ್ಟ... ಸಾಕ, ಬಿಡು" ಎಂದಲ್ಲಿಗೆ ನಿಲ್ಲಿಸುತ್ತೇನೆ. 1954ಕ್ಕೆ ಮೊದಲಿನ ಹಾಡುಗಳಿಗೆ ನಮ್ಮ ಮನೆಯಲ್ಲಿ ಅವಳ ಮಾತೇ ಪ್ರಮಾಣ.

ರೆಕಾರ್ಡಿನ ಹುಚ್ಚಿರುವ ಗೆಳೆಯರೊಬ್ಬರಿದ್ದಾರೆ. ಅವರ ಪ್ರಿಆಂಪಿನ ಬೆಲೆಗೆ ಒಂದು ಒಳ್ಳೆಯ ಸ್ಕೂಟರ್ ಬರುತ್ತದೆ. ನಮ್ಮ ಡಬ್ಬಿಯನ್ನು ಕಂಡು ಅವರು ಮರುಗುತ್ತಾರೆ. "ಇದರಲ್ಲಿ ಹಿಸ್ ಇದೆಯಲ್ರೀ" ಎನ್ನುತ್ತಾರೆ. ಇದೆ, ಹಾಡಿಲ್ಲದಾಗ ಸ್ಪೀಕರಿಗೆ ಕಿವಿಯಿಟ್ಟರೆ ಕೇಳುತ್ತದೆ. ಮುಳ್ಳು ಇಳಿಸಿದ ಮೇಲೆ ರೆಕಾರ್ಡಿನ ಸ್ವಂತ ಸದ್ದೇ ಅದನ್ನು ಮುಚ್ಚಿಬಿಡುತ್ತದೆ. ಹೆಚ್ಚು ದುಡ್ಡಿಗೆ ಹೆಚ್ಚು ನಿಶ್ಶಬ್ದ ಸಿಗುತ್ತದೆ ಎಂಬುದು ನಿಜ; ಆದರೆ ಆ ಮೂರು ಸಂಖ್ಯೆಗಳು ಅವರ ಡಬ್ಬಿಯಲ್ಲೂ ಅವೇ. ಉಳಿದ ದುಡ್ಡಿಗೆ ನಾನು ಮುಳ್ಳು ಬದಲಾಯಿಸುತ್ತೇನೆ, ಹಳೆಯ ರೆಕಾರ್ಡು ಕೊಳ್ಳುತ್ತೇನೆ. ಹಾಗಾಗಿ ಅವರ ಮನೆಗೆ ಹೋದರೆ ಪ್ರಿಆಂಪ್ ಕೇಳಿ ಬರುತ್ತೇನೆ; ನಮ್ಮ ಮನೆಗೆ ಬಂದಾಗ ಅವರು ಹಾಡು ಕೇಳುತ್ತಾರೆ, ಹೊರಡುವಾಗ ಒಂದೆರಡು ರೆಕಾರ್ಡು ಬಗಲಲ್ಲಿ ಇಟ್ಟುಕೊಳ್ಳುತ್ತಾರೆ. ಅವನ್ನು ಹಿಂತಿರುಗಿಸುವ ವಿಷಯದಲ್ಲಿ ಮಾತ್ರ 1954ರಂಥ ಒಪ್ಪಂದ ನಮ್ಮಿಬ್ಬರ ನಡುವೆ ಇನ್ನೂ ಆಗಿಲ್ಲ.