ಮ್ಯಾಂಡವಿಲ್ ಕಣಿವೆಯ ಇಳಿಜಾರು

ಲಾಸ್ ಏಂಜಲೀಸ್ ನಗರದ ಪಶ್ಚಿಮಕ್ಕೆ, ಸಾಂಟಾ ಮೋನಿಕಾ ಬೆಟ್ಟಗಳ ಮಡಿಲಲ್ಲಿದೆ ಮ್ಯಾಂಡವಿಲ್ ಕಣಿವೆ. ಸಿರಿವಂತರ ಮನೆಗಳ ಮುಂದೆ ಸುಮಾರು 8 ಕಿಲೋಮೀಟರ್ ಬಳುಕುತ್ತಾ ಏರುವ ಕಿರಿದಾದ ರಸ್ತೆ ಮೇಲೆ ಹೋಗಿ ಅಲ್ಲೇ ಮುಗಿಯುತ್ತದೆ. ಹತ್ತಿದವರು ಅದೇ ದಾರಿಯಲ್ಲಿ ಇಳಿಯಬೇಕು. ಸೈಕಲ್ ಸವಾರರಿಗೆ ಈ ಏರು ಅಚ್ಚುಮೆಚ್ಚು. ನಿವಾಸಿಗಳಲ್ಲಿ ಕೆಲವರಿಗೆ ಸವಾರರೇ ಕಿರಿಕಿರಿ.

2008ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಇಳಿದು ಬರುತ್ತಿದ್ದ ಇಬ್ಬರು ಸವಾರರಿಗೂ ಅಲ್ಲಿಯೇ ವಾಸವಿದ್ದ ಕಾರಿನವನೊಬ್ಬನಿಗೂ ಮಾತಿಗೆ ಮಾತು ಬೆಳೆಯಿತು. ಅವರನ್ನು ದಾಟಿದವನೇ ಗಕ್ಕನೆ ಬ್ರೇಕ್ ಒತ್ತಿದ. ಒಬ್ಬ ಸವಾರನ ಮುಖ ಕಾರಿನ ಹಿಂಗಾಜಿಗೆ ಬಡಿದು ಗಾಜು ಒಡೆಯಿತು. ಇನ್ನೊಬ್ಬನ ಭುಜದ ಕೀಲು ತಪ್ಪಿತು. ಬ್ರೇಕ್ ಒತ್ತಿದವನು ವೈದ್ಯ, ಅದೂ ತುರ್ತು ಚಿಕಿತ್ಸೆಯಲ್ಲಿ ಪಳಗಿದವನು!

ಇಂಥವು ‘ಆಕಸ್ಮಿಕ’ವೆಂದು ಮುಚ್ಚಿಹೋಗುವುದೇ ಹೆಚ್ಚು. ಉದ್ದೇಶವನ್ನು ಸಾಬೀತು ಮಾಡುವುದು ಹೇಗೆ? ಇಲ್ಲಿ, ಪಾಠ ಕಲಿಸಲೆಂದು ಬ್ರೇಕ್ ಹಾಕಿದ್ದಾಗಿ ಆತನೇ ಪೊಲೀಸರಿಗೆ ಹೇಳಿದ್ದ. ಹಿಂದೆಯೂ ಆತ ಹೀಗೆಯೇ ಮಾಡಿದ್ದನೆಂದು ಬೇರೆ ಸವಾರರು ಬಂದು ಸಾಕ್ಷಿ ನುಡಿದರು. 2009ರ ನವೆಂಬರ್‌ನಲ್ಲಿ ಜ್ಯೂರಿ ಕಾರನ್ನು ಮಾರಕಾಸ್ತ್ರವೆಂದೇ ಪರಿಗಣಿಸಿತು. 2010ರ ಜನವರಿಯಲ್ಲಿ 5 ವರ್ಷಗಳ ಸೆರೆವಾಸ ವಿಧಿಸಲಾಯಿತು. ಮರುವರ್ಷ, ತಮ್ಮನ್ನು ಬೆದರಿಸುವ ಚಾಲಕರ ಮೇಲೆ ಸವಾರರೇ ಸಿವಿಲ್ ದಾವೆ ಹೂಡಲು ಅವಕಾಶ ನೀಡುವ ಕಾನೂನನ್ನು ನಗರಸಭೆ ಮಾಡಿತು.