ತಾಮ್ರ ತಿಂದ ನೀರನ್ನು ಎಲ್ಲಿ ಚೆಲ್ಲೋದು?

ಹಾಳಾದ ಟಿವಿ ರಿಮೋಟ್ ಬಿಚ್ಚಿ ನೋಡಿ. ಒಳಗೊಂದು ತೆಳು ಹಲಗೆ, ಅದರ ಮೇಲೆ ಇರುವೆ ಸಾಲಿನ ಹಾಗೆ ಗೆರೆಗಳು. ಅದೇ ಪಿಸಿಬಿ, ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ಆ ಗೆರೆಗಳೇ ವೈರುಗಳು. ಇದು ಕಾರ್ಖಾನೆಯಲ್ಲಿ ಮಾತ್ರ ಆಗೋ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಹಿತ್ತಿಲಲ್ಲೂ ಮಾಡಬಹುದು. ನಾವು ಮೂವರು ಗೆಳೆಯರು ಬಿಡುವಾದಾಗಲೆಲ್ಲ ಮಾಡ್ತೇವೆ.

ನಾವು ಓದಿದ್ದು ಪತ್ರಿಕೋದ್ಯಮ, ಎಂಜಿನಿಯರಿಂಗ್ ಅಲ್ಲ. ಆದರೆ ಎರಡಕ್ಕೂ ನಂಟಿದೆ. ಹಿಂದೆ ಪತ್ರಿಕೆಯಲ್ಲಿ ಫೋಟೊ ಅಚ್ಚು ಹಾಕಲು ಸತುವಿನ ತಗಡನ್ನು ಆಸಿಡ್‌ನಲ್ಲಿ ಕೊರೆದು 'ಬ್ಲಾಕ್' ಮಾಡ್ತಿದ್ದರು. ಬೇಕಾದ ಜಾಗ ಮುಚ್ಚಿಡು, ಬೇಡದ್ದನ್ನು ಆಸಿಡ್ ತಿನ್ನಲಿ, ಇಷ್ಟೇ ಲೆಕ್ಕ. ಪಿಸಿಬಿಯ ಲೆಕ್ಕವೂ ಅದೇ. ಆಸ್ಟ್ರಿಯಾದ ಪಾಲ್ ಐಸ್ಲರ್ ಎಂಬ ಎಂಜಿನಿಯರ್ 1936ರ ಸುಮಾರಿಗೆ ಲಂಡನ್ನಿನಲ್ಲಿ ಹೀಗೆ ಮುದ್ರಿಸಿದ ಸರ್ಕ್ಯೂಟ್ ಹಾಕಿ ರೇಡಿಯೊ ಮಾಡಿ ತೋರಿಸಿದ.

ನಾವು ಹೆಚ್ಚಾಗಿ ಮಾಡೋದು ನೀರಿನ ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂ. ಕರೆಂಟು ಬಂತು ಅಂತ ಮೋಟಾರು ಹಾಕಿ ತೋಟಕ್ಕೆ ಹೋದರೆ ಟ್ಯಾಂಕ್ ತುಂಬಿ ಅಂಗಳವೆಲ್ಲ ಕೆಸರು. ಅದಕ್ಕೆ ಬೇಕಾಗೋದು ಒಂದು ಬಿಸಿ 547 ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಬಜರ್, 9 ವೋಲ್ಟ್ ಬ್ಯಾಟರಿ. ಟ್ಯಾಂಕಿನೊಳಗೆ ಇಳಿಬಿಟ್ಟ ಎರಡು ವೈರಿಗೆ ನೀರು ತಾಗಿದರೆ ಟ್ರಾನ್ಸಿಸ್ಟರ್‌ಗೆ ಸಣ್ಣ ಕರೆಂಟು ಹರಿದು ಬಜರ್ ಕೂಗ್ತದೆ. ಬ್ಯಾಟರಿಯದ್ದಾದ್ದರಿಂದ ಶಾಕ್ ಹೊಡೆಯುವ ಭಯವಿಲ್ಲ. ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗ್ತದೆ.

ಬೋರ್ಡಿಗೆ ತಾಮ್ರ ಅಂಟಿಸಿದ ಹಲಗೆ ತರಬೇಕು. ಆ ತಾಮ್ರದ ಪದರ ಸಾಮಾನ್ಯವಾಗಿ 35 ಮೈಕ್ರಾನ್. ಅಂದರೆ ಒಂದು ಮಿಲಿಮೀಟರನ್ನು ಸುಮಾರು ಮೂವತ್ತು ಪಾಲು ಮಾಡಿದರೆ ಒಂದು ಪಾಲು. ಪಾತ್ರೆ ಉಜ್ಜುವ ನಾರಿನಿಂದ ಚೆನ್ನಾಗಿ ಉಜ್ಜಿ, ಒಣಗಿಸಿ, ಅಳಿಸದ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯಬೇಕು. ಗೆರೆ ಬಹಳ ಸಣ್ಣದಿದ್ದರೆ ಲೇಸರ್ ಪ್ರಿಂಟ್ ತೆಗೆಸಿ, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಮಸಿಯನ್ನು ತಾಮ್ರಕ್ಕೆ ಇಳಿಸುವವರೂ ಇದ್ದಾರೆ.

ಆಮೇಲೆ ಪ್ಲಾಸ್ಟಿಕ್ ಟ್ರೇಯಲ್ಲಿ ನೀರು ಹಾಕಿ, ಫೆರಿಕ್ ಕ್ಲೋರೈಡ್ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಬಿಸಿಯೇರ್ತದೆ, ಅವಸರ ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಗಾಳಿಯಾಡುವ ಜಾಗ ಇರಲೇಬೇಕು. ಮಕ್ಕಳು, ದನಕರು ಹತ್ತಿರ ಸುಳಿಯಬಾರದು. ಸ್ಟೀಲ್, ಅಲ್ಯುಮಿನಿಯಂ ಪಾತ್ರೆ ಬಳಸಿದರೆ ಪಾತ್ರೆಯನ್ನೇ ತಿನ್ನುತ್ತದೆ. ಹಲಗೆ ಮುಳುಗಿಸಿ ಟ್ರೇಯನ್ನು ಮೆಲ್ಲಗೆ ಅಲ್ಲಾಡಿಸ್ತಾ ಇದ್ದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಬೇಡದ ತಾಮ್ರವೆಲ್ಲ ಕರಗಿ, ಮಾರ್ಕರ್ ಕೆಳಗಿನ ಗೆರೆಗಳಷ್ಟೇ ಉಳಿಯುತ್ತವೆ. ತೊಳೆದು, ಥಿನ್ನರ್‌ನಿಂದ ಮಸಿ ಒರೆಸಿ, ಸಣ್ಣ ಡ್ರಿಲ್‌ನಿಂದ ತೂತು ಹಾಕಿದರೆ ಬೋರ್ಡು ತಯಾರು. ತೂತು ಹಾಕುವಾಗ ಬಾಯಿ ಮೂಗಿಗೆ ಮಾಸ್ಕ್ ಇರಲಿ, ಆ ಧೂಳು ಒಳ್ಳೆಯದಲ್ಲ.

ಇಲ್ಲಿವರೆಗಿನದ್ದನ್ನು ಮೊಬೈಲಿನಲ್ಲಿ ಎಷ್ಟೋ ವಿಡಿಯೊಗಳು ತೋರಿಸ್ತವೆ. ಬೋರ್ಡು ಹೊಳೆಯುವಲ್ಲಿಗೆ ವಿಡಿಯೊ ಮುಗೀತದೆ. ಟ್ರೇಯಲ್ಲಿ ಉಳಿದ ಕಂದು ನೀರಿನ ಮಾತು ಕಡಿಮೆ.

ಆ ಮಾತನ್ನು ನಮಗೆ ಮೊದಲು ಎತ್ತಿದ್ದು ಪಕ್ಕದ ಮನೆಯ ದೊಡ್ಡಪ್ಪ. ಅಡಿಕೆ ಬೆಳೆಗಾರರು.

"ಏನ್ರೋ ಅದು, ಕಷಾಯಾನಾ?"

"ಅಲ್ಲ ದೊಡ್ಡಪ್ಪ, ತಾಮ್ರ ಕರಗಿಸೋ ನೀರು."

"ತಾಮ್ರನಾ? ಹಂಗಾರೆ ಹಳ್ಳಕ್ಕೆ ಚೆಲ್ಲಬೇಡಿ ಮತ್ತೆ. ಮೈಲುತುತ್ತದ ಡ್ರಮ್ ತೊಳೆದ ನೀರು ಬಿಟ್ಟರೆ ಮೀನು ಏನಾಗ್ತಾವೆ ಗೊತ್ತಲ್ಲ?"

ರಸಾಯನಶಾಸ್ತ್ರ ಓದದ ದೊಡ್ಡಪ್ಪನಿಗೆ ವಿಷಯ ಗೊತ್ತಿತ್ತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೂ ತಾಮ್ರದ್ದೇ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸಾಕಾಯ್ತಾ ಅಂತ ನೋಡೋಕೆ ಕತ್ತಿಯ ತುದಿ ಅದ್ದುತ್ತಾರೆ. ಕಬ್ಬಿಣದ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ನೀರಲ್ಲೇ ಕರಗಿದೆ, ಸುಣ್ಣ ಸಾಲದು ಅಂತ ಅರ್ಥ.

ನಮ್ಮ ಟ್ರೇಗೂ ಅದೇ ಉಪಾಯ. ಬಳಸಿದ ದ್ರಾವಣವನ್ನು ಒಂದೇ ಸಲಕ್ಕೆ ಬಿಸಾಡೋದಿಲ್ಲ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮೇಲೆ 'ವಿಷ' ಅಂತ ದೊಡ್ಡದಾಗಿ ಬರೆದು, ಬೀಗ ಇರೋ ಕಪಾಟಿನಲ್ಲಿಟ್ಟು ಮತ್ತೆ ಮತ್ತೆ ಬಳಸ್ತೇವೆ. ಹಸಿರಿಗೆ ತಿರುಗಿ, ತಾಮ್ರ ತಿನ್ನೋದು ತೀರಾ ನಿಧಾನವಾದ ಮೇಲೆ, ದೊಡ್ಡ ಬಕೆಟ್ಟಿಗೆ ಸುರಿದು ನೀರು ಬೆರೆಸಿ, ಬಟ್ಟೆ ಒಗೆಯುವ ಸೋಡಾವನ್ನು ಚಮಚ ಚಮಚ ಹಾಕ್ತೇವೆ. ನೊರೆ ಉಕ್ಕುತ್ತದೆ. ನೊರೆ ನಿಂತ ಮೇಲೆ ಒಂದು ರಾತ್ರಿ ಬಿಟ್ಟರೆ ತಾಮ್ರ, ಕಬ್ಬಿಣ ಎರಡೂ ಕೆಸರಾಗಿ ತಳಕ್ಕೆ ಕೂರ್ತವೆ. ಮೇಲಿನ ತಿಳಿಯಲ್ಲಿ ಉಜ್ಜಿದ ಕಬ್ಬಿಣದ ಮೊಳೆ ಅದ್ದಿ ನೋಡ್ತೇವೆ. ಕೆಂಪಾದರೆ ಇನ್ನಷ್ಟು ಸೋಡಾ. ತಳದ ಕೆಸರನ್ನು ಸೋಸಿ, ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ ಎತ್ತಿಡ್ತೇವೆ. ತೋಟಕ್ಕೂ ಇಲ್ಲ, ಗೊಬ್ಬರದ ಗುಂಡಿಗೂ ಇಲ್ಲ.

ಒಂದು ಅಂಗೈಯಗಲದ ಬೋರ್ಡಿಗೆ ಇಷ್ಟೆಲ್ಲ ಯಾಕೆ, ಆನ್‌ಲೈನಿನಲ್ಲಿ ಮಾಡಿದ್ದೇ ಸಿಗ್ತದಲ್ಲ ಅಂತ ಕೇಳುವವರಿದ್ದಾರೆ. ಸಿಗ್ತದೆ. ಆದರೆ ಅದರ ಕೊಳಕು ನೀರು ಯಾವ ಊರಿನ ಹೊಳೆಗೆ ಹೋಯ್ತು, ಸೋಡಾ ಹಾಕಿದರೋ ಇಲ್ಲವೋ, ಕೊಂಡವರಿಗೆ ಕಾಣೋದಿಲ್ಲ. ಇಲ್ಲಿ ಮಾಡಿದರೆ ಕಾಣ್ತದೆ, ಯಾಕೆಂದರೆ ಇಳಿಜಾರಿನ ಕೆಳಗಿರೋದು ನಮ್ಮದೇ ಬಾವಿ. ನಿಮ್ಮ ಮನೆಯ ಹುಡುಗ ಹುಡುಗಿಯರು ಈ ಕೆಲಸ ಕಲೀತೀವಿ ಅಂದರೆ ಬೇಡ ಅನ್ನಬೇಡಿ. ಫೆರಿಕ್ ಕ್ಲೋರೈಡ್ ತರುವ ಚೀಟಿಯಲ್ಲಿ ಅರ್ಧ ಕೆಜಿ ಬಟ್ಟೆ ಸೋಡಾವನ್ನೂ ಬರೆಸಿ.